ಸೀಟಿನ ಅಡಿಯ ಕೆಂಪು

ಆ ಮೂಲೆಯಲ್ಲಿ ಎರಡು ನಿಂಬೆಹಣ್ಣು ಬಿದ್ದಿದ್ದವು. ಆದರೆ ಅಲ್ಲಿ ಗಾಡಿ ಇರಲಿಲ್ಲ.

ಗಂಗಾವತಿಯ ದೊಡ್ಡಬಸಪ್ಪ ಸಾವ್ಕಾರರ ಅಕ್ಕಿ ಗಿರಣಿಯ ಗೋದಾಮು ಅದು. ಮೊನ್ನೆ ಆಯುಧ ಪೂಜೆ ಮಾಡಿದ್ದು ಕಂಡಕಂಡಲ್ಲಿ ಕಾಣುತ್ತಿತ್ತು. ಲಾರಿಗೆ ಬಾಳೆಕಂಬ, ಟ್ರ್ಯಾಕ್ಟರಿಗೆ ಚೆಂಡುಹೂವಿನ ಸರ, ತಕ್ಕಡಿಗೆ ಕುಂಕುಮ, ಗೋಡೆಗೆ ಒರಗಿಸಿದ ಸಲಿಕೆಗೂ ವಿಭೂತಿ. ಪ್ರತಿ ಗಾಲಿಯ ಕೆಳಗೂ ಒಂದೊಂದು ನಿಂಬೆಹಣ್ಣು ಅಪ್ಪಚ್ಚಿಯಾಗಿ ನೆಲಕ್ಕೆ ಅಂಟಿತ್ತು.

ಈ ಎರಡು ಮಾತ್ರ ತೌಡಿನ ಚೀಲಗಳ ಹಿಂದೆ, ನನ್ನಂಥ ದಪ್ಪನೆಯ ಹೆಂಗಸು ಅಡ್ಡ ತಿರುಗಿ ನುಸುಳಬೇಕಾದ ಸಂದಿಯಲ್ಲಿದ್ದವು. ಅಪ್ಪಚ್ಚಿಯೂ ಆಗಿರಲಿಲ್ಲ. ಹಗ್ಗ ಬಿಗಿದು ಎಳೆದಂತೆ ನಡುವೆ ಸಣ್ಣ ಗೆರೆ ಬಿದ್ದು ಸಿಪ್ಪೆ ಒಡೆದಿತ್ತು. ಒಂದಕ್ಕೂ ಇನ್ನೊಂದಕ್ಕೂ ನಡುವೆ ಒಂದು ಸೈಕಲ್ಲಿನ ಉದ್ದದಷ್ಟು ಜಾಗ.

ಮೊಣಕಾಲು ಊರಿ ಕುಳಿತೆ. ಅದು ಕಟಕ್ಕೆಂದಿತು. ಬಾಯಿಗೆ ಬಂದಂತೆ ಅದನ್ನು ಬೈದು ಗೋಡೆ ನೋಡಿದೆ.

ಸುಣ್ಣದ ಗೋಡೆಯ ಮೇಲೆ ಎರಡು ಕಪ್ಪು ಗೀರುಗಳಿದ್ದವು. ಹ್ಯಾಂಡಲ್ ತಾಗಿದ ಗೀರು ತಗ್ಗಿನಲ್ಲಿ, ಸೀಟು ತಾಗಿದ್ದು ಅದಕ್ಕಿಂತ ಗೇಣುದ್ದ ಮೇಲೆ. ಹಾಲು ಹಾಕುವವನ ಸೈಕಲ್ಲಿಗಾಗಲಿ, ಶಾಲೆಗೆ ಹೋಗುವ ಹುಡುಗಿಯರ ಸೈಕಲ್ಲಿಗಾಗಲಿ ಸೀಟು ಮೇಲೆ, ಹ್ಯಾಂಡಲ್ ಕೆಳಗೆ ಇರುವುದನ್ನು ನಾನಂತೂ ಕಂಡಿಲ್ಲ. ಅಂಥದ್ದು ಈ ನಾಲ್ಕೂ ತಾಲೂಕಿನಲ್ಲಿ ಒಂದೇ ಇತ್ತು. ಹಿಂದಿನ ಗಾಲಿ ದೊಡ್ಡದು, ಮುಂದಿನದು ಸಣ್ಣದು, ಹ್ಯಾಂಡಲ್ಲು ಎತ್ತಿನ ಕೋಡಿನ ಹಾಗೆ. ಕುಷ್ಟಗಿಯ ಅಮರಪ್ಪನ ‘ಗಿಡ್ಡಗಾಲಿ.’ ದಸರೆಗೆ ವಾರವಿರುವಾಗ, ಮನೆಯವರೆಲ್ಲ ಹುಲಿಗೆಮ್ಮನ ದರ್ಶನಕ್ಕೆ ಹುಲಿಗಿಗೆ ಹೋಗಿದ್ದ ಮಂಗಳವಾರ, ಹಿತ್ತಲ ಕೊಟ್ಟಿಗೆಯಿಂದ ಅದು ಕಾಣೆಯಾಗಿತ್ತು.

ಪೊಲೀಸು ಇಲಾಖೆಯಲ್ಲಿ ಹವಾಲ್ದಾರಳಾಗಿ ಸವೆದು ರಿಟೈರಾದ ಈ ಹೊಳಿಯಮ್ಮನನ್ನು ಅಮರಪ್ಪ ಹುಡುಕಿಕೊಂಡು ಬಂದದ್ದು ಅದಕ್ಕೇ.

“ಏ ಖಾಲಾ, ವಹಾಂ ನಕ್ಕೋ!” ಹಿಂದಿನಿಂದ ದನಿ ಬಂತು. ಗಿರಣಿಯಲ್ಲಿ ಕಸ ಗುಡಿಸುವ ರಾಜಾಬೀ ಪೊರಕೆ ಹಿಡಿದು ನಿಂತಿದ್ದಳು. “ಆ ಮೂಲ್ಯಾಗ ಹೋಗಬ್ಯಾಡ್ರಿ. ಸಾವ್ಕಾರ್ರು ನನಗೂ ಕಸಾ ಹೊಡಿಬ್ಯಾಡ ಅಂದಾರ.”

“ಯಾಕವಾ?”

“ಹಾವು ಐತಂತ.”

“ಹಾವಿಗೆ ನಿಂಬಿಹಣ್ಣು ಇಟ್ಟು ಪೂಜಿ ಮಾಡ್ಯಾರೇನು?”

ರಾಜಾಬೀ ನಿಂಬೆಹಣ್ಣು ನೋಡಿದಳು, ನನ್ನನ್ನು ನೋಡಿದಳು, ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ನಾನು ಎದ್ದು ಸೀರೆ ಕೊಡವಿಕೊಂಡೆ. ನಗುವ ಹೊತ್ತಲ್ಲ ಅದು. ಗಿರಣಿಯ ಗೇಟಿನಾಚೆ, ಬೇವಿನ ಮರದ ಕೆಳಗೆ, ನಾವು ಬಂದ ಜೀಪಿನಲ್ಲಿ ಅಮರಪ್ಪನೂ ಅವನ ಮಗಳು ಅನುಷಾಳೂ ಕೂತಿದ್ದರು. ಈ ಗಿರಣಿಯ ಹೊಸ್ತಿಲು ಮೆಟ್ಟುವುದಿಲ್ಲ ಎಂದು ಅಮರಪ್ಪ ಆಣೆ ಮಾಡಿಕೊಂಡು ಹತ್ತು ವರ್ಷದ ಮೇಲಾಗಿತ್ತು.

ಬರುವಾಗ ದಾರಿಯುದ್ದಕ್ಕೂ ಅವನು ಅದೇ ಕತೆ ಹೇಳಿದ್ದ. ಕೇಳಿಕೇಳಿ ನನಗೆ ಬಾಯಿಪಾಠವಾಗಿದ್ದರೂ ಹೇಳಲಿ ಎಂದು ಬಿಟ್ಟೆ. ಹುಣ್ಣು ಹಿಂಡಿದಷ್ಟೂ ಹಗುರ.

ಕೊಪ್ಪಳ ಜಿಲ್ಲೆಯಾದ ವರ್ಷ, ತೊಂಬತ್ತೇಳರಲ್ಲಿ, ಆ ಖುಷಿಗೆ ಕುಷ್ಟಗಿಯಲ್ಲಿ ಸೈಕಲ್ ಸಂಘದವರು ಒಂದು ಟೈಮ್ ಟ್ರಯಲ್ ಇಟ್ಟಿದ್ದರು. ಗುಂಪಾಗಿ ಓಡಿಸುವ ರೇಸ್ ಅಲ್ಲ ಅದು. ಒಬ್ಬರ ಹಿಂದೆ ಒಬ್ಬರನ್ನು ಬಿಡುತ್ತಾರೆ. ಮುಂದೆ ಯಾರೂ ಕಾಣುವುದಿಲ್ಲ, ಹಿಂದೆ ಯಾರೂ ಕೇಳುವುದಿಲ್ಲ, ಗಡಿಯಾರದ ಜೊತೆಗೇ ಜಿದ್ದು. ತಾವರಗೇರಾ ಹಾದಿಯಲ್ಲಿ ಒಂದು ಡ್ರಮ್ಮು ಇಟ್ಟಿದ್ದರು. ಅದನ್ನು ಸುತ್ತಿ ಮರಳಬೇಕು. ಸುತ್ತಿದ್ದಕ್ಕೆ ಸಾಕ್ಷಿಯಾಗಿ ಅಲ್ಲಿ ನಿಂತವನು ಕೋಲಿಗೆ ಅರಿವೆ ಸುತ್ತಿ, ಕೆಂಪು ಬಣ್ಣದಲ್ಲಿ ಅದ್ದಿ, ಹಾಯ್ದುಹೋಗುವವರ ಬೆನ್ನಿಗೆ ಒತ್ತುತ್ತಿದ್ದ. ಕೋಲು ಹಿಡಿದು ನಿಂತವನೇ ಈ ದೊಡ್ಡಬಸಪ್ಪ.

ಛಲೋ ತುಳಿಯುವವರನ್ನು ಕೊನೆಗೆ ಬಿಟ್ಟರು. ಕೊನೆಯವನಿಗಿಂತ ಮುಂಚೆ ದೊಡ್ಡಬಸಪ್ಪನ ಅಕ್ಕನ ಮಗ ಯಂಕೇಶ. ಎಲ್ಲರಿಗಿಂತ ಕೊನೆಗೆ ಗಿಡ್ಡಗಾಲಿಯ ಮೇಲೆ ಅಮರಪ್ಪ.

“ಅಕ್ಕಾ, ಬೆನ್ನಿಗೆ ಕೋಲು ತಾಗಿದ್ದು ಇನ್ನೂ ನೆನಪೈತಿ,” ಎಂದಿದ್ದ ಅಮರಪ್ಪ, ಜೀಪಿನ ಕಿಟಕಿಯಾಚೆ ನೋಡುತ್ತ. “ತಲಿ ಎತ್ತಿ ನೋಡ್ಲಿಲ್ಲ ನಾ. ನೋಡಿದ್ರ ಗಾಳಿ ಎದಿಗೆ ಬಡೀತೈತಿ. ಟೈರು ಜುಂಯ್ ಅಂತಿತ್ತು, ಬ್ಯಾರೆ ಏನೂ ಕೇಳ್ತಿರಲಿಲ್ಲ. ಎಲ್ಲಾರ್ಕಿಂತ ಬೇಗ ಬಂದೆ. ಇಳದ ಮ್ಯಾಲ ನೋಡ್ತಾರ, ಬೆನ್ನಿಗೆ ಕೆಂಪು ಇಲ್ಲ. ದೊಡ್ಡಬಸಪ್ಪನ್ನ ಕೇಳಿದ್ರು. ಇಂವ ಡ್ರಮ್ಮಿನ ತನಕ ಬಂದೇ ಇಲ್ಲ ಅಂದ.”

ಅಂದಿನಿಂದ ಅವನು ‘ಅರ್ಧದಾರಿ ಅಮರಪ್ಪ.’ ಸಂತೆಯಲ್ಲೂ ಅದೇ, ಮದುವೆ ಮನೆಯಲ್ಲೂ ಅದೇ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಎನ್ನುತ್ತಾರಲ್ಲ, ಹಾಗೆ. ಮೊದಲ ಸ್ಥಾನ ಯಂಕೇಶನಿಗೆ ಹೋಯಿತು, ಅದರ ಬೆನ್ನಿಗೇ ಕ್ರೀಡಾ ಕೋಟಾದಲ್ಲಿ ಸರಕಾರಿ ನೌಕರಿಯೂ. ಅಮರಪ್ಪ ಗಿಡ್ಡಗಾಲಿಯನ್ನು ಕೊಟ್ಟಿಗೆಯ ತೊಲೆಗೆ ನೇತುಹಾಕಿ ಗೋಣಿತಾಟು ಮುಚ್ಚಿಬಿಟ್ಟ.

ಅವನಿಗೆ ಅಂದದ್ದನ್ನು ಅವನು ನುಂಗಿಕೊಂಡಿದ್ದ. ಆದರೆ ಎರಡು ತಿಂಗಳ ಹಿಂದೆ ಅನುಷಾ ಕೊಪ್ಪಳದಲ್ಲಿ ರೇಸಿಗೆ ನಿಂತಾಗ, ಹೊರಡುವ ಗೆರೆಯ ಹತ್ತಿರ ಯಾರೋ ಕೂಗಿದರು: “ಅರ್ಧದಾರಿ ತನಕ ಹೋಗಿ ಬಂದ್ಬಿಡವಾ!” ಸುತ್ತಲಿನವರು ನಕ್ಕರು. ಹುಡುಗಿ ಸೈಕಲ್ಲಿನಿಂದ ಇಳಿದು ಮನೆಗೆ ಮರಳಿದಳು. ಅಂದಿನಿಂದ ಸೈಕಲ್ ಮುಟ್ಟಿಲ್ಲ. ಅಪ್ಪನಂತೆಯೇ ತುಳಿಯುವ ಹುಡುಗಿ.

“ನನಗ ಏನರ ಅನ್ಲಿ ಅಕ್ಕಾ. ಅಕಿಗೆ ಅನ್ನಬಾರ್ದು,” ಎಂದಿದ್ದ ಅಮರಪ್ಪ.

ಅಂಥ ಹೊತ್ತಿನಲ್ಲಿ ಅವನ ಹೆಂಡತಿ ಗುರುಲಿಂಗಮ್ಮ ದಸರೆಗೆಂದು ಮನೆ ಸಾರಿಸಿ, ಎಷ್ಟೋ ವರ್ಷದ ಮೇಲೆ ಗಿಡ್ಡಗಾಲಿಯನ್ನೂ ಇಳಿಸಿ ತೊಳೆದಳು. ಬೋರಲು ಹಾಕಿದಾಗ ಸೀಟಿನ ಅಡಿಯಲ್ಲಿ ಕೆಂಪು ಗುರುತು ಕಂಡಿತು. ಕೋಲು ಬೆನ್ನಿನಿಂದ ಕೆಳಗೆ ಜಾರಿ, ಬಣ್ಣ ಸೀಟಿನ ಅಡಿಗೆ ಹತ್ತಿದೆ, ಅಂದು ಯಾರೂ ಅಲ್ಲಿ ನೋಡಿಲ್ಲ! ಗುರುಲಿಂಗಮ್ಮ ಓಣಿಗೆಲ್ಲ ಕೂಗಿ ಹೇಳಿದಳು. ದಸರೆ ಮುಗಿದ ಮೇಲಿನ ಸೋಮವಾರ ಸೈಕಲ್ ತನ್ನಿ, ನೋಡಿ ಕಳಂಕ ತೆಗೆಯೋಣ ಎಂದು ಸಂಘದ ಹಿರಿಯರು ಒಪ್ಪಿದರು. ಅದಾದ ಮೂರನೇ ದಿನಕ್ಕೆ ಸೈಕಲ್ಲೇ ಇಲ್ಲ.

ಗುರುತು ಸಿಕ್ಕರೆ ಸುಳ್ಳಾಗುವ ಬಾಯಿ ಒಂದೇ, ದೊಡ್ಡಬಸಪ್ಪನದು. ಅದಕ್ಕೇ ನಾನು ಇಲ್ಲಿಗೆ ಬಂದದ್ದು, ಕೈಯಲ್ಲಿ ಬನ್ನಿ ಹಿಡಿದುಕೊಂಡು. ನಿನ್ನೆ ಬನ್ನಿ ಮುಡಿದಿದ್ದರೂ ನಮ್ಮ ಕಡೆ ಹುಣ್ಣಿಮೆಯ ತನಕ ಕೊಡುವುದು ತೆಗೆದುಕೊಳ್ಳುವುದು ನಡೆದೇ ಇರುತ್ತದೆ. ಬನ್ನಿ ಹಿಡಿದು ಬಂದವರು ವೈರಿಯಾದರೂ ಬಾಗಿಲಲ್ಲಿ ನಿಲ್ಲಿಸುವಂತಿಲ್ಲ. ಯಾವ ಕೋರ್ಟಿನ ವಾರಂಟೂ ಇಷ್ಟು ಸಲೀಸಾಗಿ ಬಾಗಿಲು ತೆಗೆಸುವುದಿಲ್ಲ, ನಾನು ಬಲ್ಲೆ.

“ಬರ್ರಿ ಬರ್ರಿ ಹೊಳಿಯಮ್ಮಕ್ಕಾರ! ನಮ್ಮ ಗೋದಾಮಿನ್ಯಾಗ ಬನ್ನಿಗಿಡ ಐತೇನ್ರಿ?”

ದೊಡ್ಡಬಸಪ್ಪ ಸ್ನಾನ ಪೂಜೆ ಮುಗಿಸಿ, ಹಣೆತುಂಬ ವಿಭೂತಿ ಬಳಿದು, ಬಿಳಿ ಅಂಗಿಯ ತೋಳು ಮಡಿಸುತ್ತ ಬಾಗಿಲಲ್ಲಿ ನಿಂತಿದ್ದರು. ಐವತ್ತು ದಾಟಿದ ಆಳು. ಹೊಟ್ಟೆ ಬಂದಿದ್ದರೂ ಮೀನಖಂಡ ಇನ್ನೂ ಸೈಕಲ್ ತುಳಿದವರದು.

“ಗಿಡ ಇಲ್ಲ ಸಾವ್ಕಾರ್ರ. ಹಣ್ಣು ಅದಾವ,” ಎಂದೆ.

ಅವರ ಕಣ್ಣು ಒಮ್ಮೆ ತೌಡಿನ ಚೀಲಗಳ ಕಡೆ ಹೋಗಿ ಬಂತು. ಅಷ್ಟೇ. ಬಗ್ಗಿ ನನ್ನ ಕೈಗೆ ಬನ್ನಿ ಕೊಟ್ಟು ಕಾಲು ಮುಟ್ಟಿದರು. “ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ.”

“ಬಂಗಾರದಂಗ ಇರಪಾ,” ಎಂದು ತಲೆ ಮುಟ್ಟಿದೆ. ಮನಸ್ಸಿಟ್ಟೇ ಹರಸಿದೆ. ಕಳ್ಳನಿಗೂ ಹಬ್ಬ ಇರುತ್ತದೆ.

ಗಿರಣಿಗೆ ಹೊಂದಿಕೊಂಡೇ ಮನೆ. ಪಡಸಾಲೆಯಲ್ಲಿ ಕೂರಿಸಿದರು. ಅವರ ಹೆಂಡತಿ ಕರಚಿಕಾಯಿ, ಚಹಾ ಇಟ್ಟು ಒಳಗೆ ಹೋದರು. ಗೋಡೆಯಲ್ಲಿ ಒಂದು ಹಳೆಯ ಫೋಟೋ: ತೆಳ್ಳಗಿನ ದೊಡ್ಡಬಸಪ್ಪ, ರೇಸ್ ಸೈಕಲ್ ಹಿಡಿದು, ಮೀಸೆ ತಿರುವಿ ನಿಂತದ್ದು.

“ಹುಣ್ಣಿಮಿಗೊಮ್ಮೆ ನಿಮ್ಮ ಮನಿಯವರು ಹುಲಿಗಿಗೆ ಬರ್ತಾರ,” ಎಂದೆ. “ನಮ್ಮೂರು ನೋಡ್ರಿ, ಬಂದವರು ಕಾಣ್ತಾರ. ನೀವು ಮಾತ್ರ ಬರಂಗಿಲ್ಲ.”

“ಗಿರಣಿ ಬಿಟ್ಟು ಬರಾಕ ಆಗೂದಿಲ್ರಿ.”

“ಹತ್ತು ವರ್ಷದಾಗ ಒಂದಿನಾನೂ ಆಗ್ಲಿಲ್ಲೇನು? ಹುಲಿಗೆಮ್ಮ ನಿಮ್ಮ ಮನಿದೇವ್ರು ಅಂತ ಕೇಳೀನಿ.”

ಅವರು ಕರಚಿಕಾಯಿ ಮುರಿದರು. ಬಾಯಿಗೆ ಹಾಕಿಕೊಳ್ಳಲಿಲ್ಲ.

ಸುತ್ತಿ ಬಳಸಿ ಮಾತಾಡುವ ತಾಳ್ಮೆ ನನಗೆ ಇಲಾಖೆಯಲ್ಲಿದ್ದಾಗಲೂ ಇರಲಿಲ್ಲ. ಚಹಾ ಗುಟುಕರಿಸಿ ಅಂದೆ, “ಕಳ್ಳರನ್ನ ಭಾಳ ನೋಡೀನಿ ಸಾವ್ಕಾರ್ರ. ಆದ್ರ ಇಂಥಾ ಶ್ಯಾಣ್ಯಾನ್ನ ನೋಡಿರಲಿಲ್ಲ. ಕದ್ದ ಸೈಕಲ್ಲಿಗೂ ನಿಂಬಿಹಣ್ಣು ಇಟ್ಟು ಪೂಜಿ ಮಾಡ್ಯಾನ!”

“ಮತ್ತ, ಗಾಲಿ ಐತಲ್ರಿ! ಹಬ್ಬದ ದಿನ ಮನ್ಯಾಗಿದ್ದ ಗಾಲಿ ಪೂಜಿ ಮಾಡದ ಬಿಡಾಕ ಬರ್ತೈತೇನ್ರಿ?”

ಹೇಳಿಬಿಟ್ಟರು. ಹೇಳಿದ ಮೇಲೆ ಬಾಯಿ ಹಾಗೇ ಅರ್ಧ ತೆರೆದುಕೊಂಡು ಉಳಿಯಿತು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ನನಗೆ ನಗು ತಡೆಯಲಾಗಲಿಲ್ಲ. ಅವರಿಗೂ ಒಂದು ಪೆಚ್ಚು ನಗೆ ಬಂತು. ಆ ನಗೆಯಲ್ಲಿ ಮನುಷ್ಯ ಕೆಟ್ಟವನಲ್ಲ ಅನಿಸಿ ನನಗೆ ಇನ್ನಷ್ಟು ಸಿಟ್ಟು ಬಂತು. ಪೂರಾ ಕೆಟ್ಟವರಾದರೆ ನಮ್ಮ ಕೆಲಸ ಸಸಾರ.

“ಕದ್ದಿಲ್ರಿ ಅಕ್ಕಾರ. ನೋಡಾಕ ತಂದೆ.”

“ಮನ್ಯಾಗ ಯಾರೂ ಇಲ್ಲದಾಗ, ಕೇಳದ ತಂದದ್ದಕ್ಕ ನಮ್ಮ ಸ್ಟೇಷನ್ನಿನ್ಯಾಗ ಬ್ಯಾರೆ ಹೆಸರು ಐತಿ.”

“ಏನರ ಹೆಸರು ಇಡ್ರಿ.” ಅವರು ಬೆವರು ಒರೆಸಿಕೊಂಡರು. “ಸೀಟಿನ ಕೆಳಗ ಕೆಂಪು ಐತಿ ಅಂತ ಊರೆಲ್ಲಾ ಗುಲ್ಲಾತು. ನೋಡದ ಇರಾಕ ಆಗ್ಲಿಲ್ಲ.”

“ನೋಡಿದ್ರಿ. ನಿಮ್ಮ ಕೋಲಿನ ಬಣ್ಣ ನಿಮ್ಮ ಮಾರಿಗೇ ಹೊಡೀತು. ಅಮರಪ್ಪ ಡ್ರಮ್ಮಿನ ತನಕ ಬಂದಿದ್ದ, ನೀವು ಹಚ್ಚಿದ್ರಿ, ಬಂದಿಲ್ಲಂತ ಸುಳ್ಳು ಹೇಳಿದ್ರಿ. ಹೌದಿಲ್ಲೋ?”

ದೊಡ್ಡಬಸಪ್ಪ ತಲೆ ಎತ್ತಿದರು. ಹೆದರುತ್ತಾರೆ ಅಂದುಕೊಂಡಿದ್ದೆ. ಬದಲಿಗೆ ಅವರ ಮುಖದಲ್ಲಿ ಧೈರ್ಯ ಬಂದಿತ್ತು. ಇಷ್ಟು ಹೊತ್ತಿಗೆ ಅವರ ಕೈಗೆ ಏನೋ ಸಿಕ್ಕಿತ್ತು.

“ಅದು ನನ್ನ ಬಣ್ಣ ಅಲ್ರಿ.”

“ಅಂದ್ರ?”

“ಆ ಗುರುತು ಖೋಟಾ ಐತಿ. ಯಾರೋ ಈಗೀಗ ಹಚ್ಯಾರ. ಸೋಮವಾರ ಸಂಘದವರ ಮುಂದ ನಾನ ಹೇಳಾವ ಇದ್ದೆ. ಕೆಂಪು ಹತ್ತೂದು ಸಾಧ್ಯನ ಇಲ್ಲ. ಯಾಕಂದ್ರ ಕೆಂಪು ಡಬ್ಬಿ ಉರುಳಿ ಬಣ್ಣ ಎಲ್ಲಾ ಮಣ್ಣುಪಾಲಾಗಿತ್ತು.”

ಇದು ಹೊಸ ಮಾತು. ಹನ್ನೊಂದು ವರ್ಷದಲ್ಲಿ ಯಾರ ಬಾಯಲ್ಲೂ ಬಾರದ ಮಾತು. ನಾನು ಚಹಾ ಕಪ್ಪನ್ನು ಮೆಲ್ಲಗೆ ಕೆಳಗಿಟ್ಟೆ. “ಯಾರು ಉರುಳಿಸಿದ್ರು?”

“ನಮ್ಮ ಯಂಕೇಶ. ಡ್ರಮ್ ಸುತ್ತೂವಾಗ ಅವನ ಹಿಂದಿನ ಗಾಲಿ ಜಾರಿ ಡಬ್ಬಿಗೆ ಬಡೀತು. ಅವಗ ಅಷ್ಟೊತ್ತಿಗೆ ಕೆಂಪು ಹಚ್ಚಿದ್ದೆ. ಮುಂದ ಹಚ್ಚಾಕ ಬಣ್ಣನ ಇಲ್ಲ!”

“ಅಯ್ಯ, ಮತ್ತೇನು ಮಾಡಿದ್ರಿ?”

“ಏನು ಮಾಡೂದ್ರಿ? ಕಿಸೇದಾಗ ಹುಲಿಗೆಮ್ಮನ ಭಂಡಾರ, ಅರಿಷಿಣಪುಡಿ ಇತ್ತು. ಕೋಲಿನ ಅರಿವಿನೂ ಮಣ್ಣಾಗಿತ್ತು, ಹೊಸ ಅರಿವಿ ಸುತ್ತಿ ಅದಕ್ಕ ಭಂಡಾರ ಒರಸಿ ಹಚ್ಚಿದೆ. ಹಳದಿ! ಕೆಂಪಲ್ಲ! ತಿಳೀತಿಲ್ರಿ? ಆ ಸೀಟಿನ ಕೆಳಗ ಹಳದಿ ಇದ್ರ ನಾ ಒಪ್ತಿದ್ದೆ.”

ಅವರು ಗೆದ್ದವರಂತೆ ಹಿಂದಕ್ಕೆ ಒರಗಿದರು. ಗಿರಣಿಯ ಗುಬ್ಬಿಗಳು ಕಾಳಿಗೆ ಜಗಳಾಡುತ್ತಿದ್ದವು.

“ಆ ಭಂಡಾರ ಯಾರಿಗೆ ಹಚ್ಚಿದ್ರಿ ಸಾವ್ಕಾರ್ರ?”

ಅವರು ಗೋಡೆಯ ಫೋಟೋ ಕಡೆ ತಿರುಗಿದರು.

“ಯಂಕೇಶನ ಹಿಂದ ಬಿಟ್ಟದ್ದು ಒಬ್ಬನ್ನ ಅಷ್ಟ.”

ದೊಡ್ಡಬಸಪ್ಪನ ಕೈಯಲ್ಲಿದ್ದ ಕರಚಿಕಾಯಿ ಪುಡಿಪುಡಿಯಾಗಿ ಬಿಳಿ ಪಂಚೆಯ ಮೇಲೆ ಉದುರಿತು. ಗುರುತು ಸುಳ್ಳೆಂದು ತೋರಿಸಲು ಹೋಗಿ ನಿಜವನ್ನೇ ತೋರಿಸಿಬಿಟ್ಟಿದ್ದರು. ನಾನು ಗದರಿಸಲಿಲ್ಲ.

“ಅಂವ ಬಂದಿದ್ದರೀ,” ಎಂದರು ಕೊನೆಗೆ. ದನಿ ಸಣ್ಣದಾಗಿತ್ತು. “ಆ ದಿನ ಅಂವ ಬಂದದ್ದು ನೀವು ನೋಡಬೇಕಿತ್ತು ಅಕ್ಕಾರ. ಎದುರುಗಾಳಿ. ನಮ್ಮ ಯಂಕೇಶ ಬರೂವಾಗ ಹೆಗಲು ಅಲ್ಲಾಡ್ತಿದ್ವು, ಬಾಯಿ ತೆರದಿತ್ತು. ಅಮರಪ್ಪಂದು ಕಾಲು ಅಷ್ಟ ತಿರುಗ್ತಿದ್ವು. ಬೆನ್ನ ಮ್ಯಾಲ ತುಂಬಿದ ಕೊಡ ಇಟ್ಟಿದ್ರೂ ತುಳುಕ್ತಿರಲಿಲ್ಲ. ಗಿಡ್ಡಗಾಲಿ ಡ್ರಮ್ಮಿಗೆ ತಾಗಿತೇನೋ ಅನ್ನೂವಂಗ ಸುತ್ತಿಕೊಂಡು ಹೋದ. ನಾನೂ ತುಳದಾಂವ ರೀ. ಅಂಥಾ ತುಳಿತ ನನಗ ಜನ್ಮದಾಗ ಬರಲಿಲ್ಲ. ಖುಷಿ ಆತು, ಹೊಟ್ಟಿನೂ ಉರೀತು. ಎರಡೂ ಕೂಡೇ.”

“ಮತ್ತ ಬೆನ್ನಿಗೆ ಹಳದಿ ಯಾಕ ಕಾಣ್ಲಿಲ್ಲ?”

“ಅಂವ ತೊಟ್ಟಿದ್ದ ಅಂಗೀನ ಹಳದಿ.”

ನನಗೆ ಕುಷ್ಟಗಿಯ ಮನೆಯ ಗೋಡೆಯಲ್ಲಿ ತೂಗುಹಾಕಿದ, ಆ ರೇಸಿನ ದಿನದ ಫೋಟೋ ನೆನಪಾಯಿತು. ಹಳದಿ ಅಂಗಿ ತೊಟ್ಟು, ಗಿಡ್ಡಗಾಲಿ ಹಿಡಿದು ನಗುತ್ತಿದ್ದ ಅಮರಪ್ಪ. ಅಷ್ಟು ದಿನದಿಂದ ನೋಡುತ್ತಿದ್ದೆ, ನನ್ನ ಬುದ್ಧಿಗೆ ಬೆಂಕಿ ಹಾಕ!

“ಕುಷ್ಟಗಿಗೆ ಬಂದು ನೋಡ್ತೀನಿ, ಎಲ್ಲಾರೂ ಅವನ ಬೆನ್ನು ನೋಡಿ ಕೆಂಪಿಲ್ಲ ಅಂತಾರ. ನನ್ನ ಕೇಳಿದ್ರು. ಅಕ್ಕ ಬಾಜೂಕ ನಿಂತಿದ್ಲು. ಯಂಕೇಶಗ ತಂದಿ ಇರಲಿಲ್ಲ, ನೌಕರಿ ಬೇಕಾಗಿತ್ತು. ಒಂದು ಮಾತು, ‘ಬಂದಿಲ್ಲ’ ಅಂದ್ಬಿಟ್ಟೆ.” ಅವರು ಎರಡೂ ಅಂಗೈಯನ್ನು ತಮ್ಮ ಮುಖದ ಮುಂದೆ ಹಿಡಿದು ನೋಡಿಕೊಂಡರು. “ತಾಯಿ ಭಂಡಾರ ಹಚ್ಚಿದ ಕೈ ಇದು. ಹಚ್ಚಿ ಸುಳ್ಳು ಹೇಳಿದೆ. ಯಾವ ಮಾರಿ ತಗೊಂಡು ಹುಲಿಗಿಗೆ ಬರ್ಲಿ?”

ಅವರ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ನೋಡಿ ನನಗೆ ಮರುಕವೂ ಆಯಿತು, ಕಪಾಳಕ್ಕೆ ಬಾರಿಸಬೇಕು ಅಂತಲೂ ಅನಿಸಿತು. ಎರಡೂ ಕೂಡೇ.

“ಸೈಕಲ್ ಎಲ್ಲೈತಿ?”

ದೇವರ ಕೋಣೆಯ ಪಕ್ಕದ ಅಟ್ಟದ ಕೆಳಗೆ, ಹೊಸ ಜಮಖಾನೆ ಹೊದಿಸಿ ನಿಲ್ಲಿಸಿದ್ದರು. ಜಮಖಾನೆ ತೆಗೆದರೆ, ದೇವರಾಣೆಗೂ ನನಗೆ ಅದು ಹಳೆಯದೆನಿಸಲಿಲ್ಲ. ನೀಲಿ ಬಣ್ಣ ಅಲ್ಲಲ್ಲಿ ಎದ್ದಿತ್ತು, ಕೋಡು ಹ್ಯಾಂಡಲ್ಲಿನ ಪಟ್ಟಿ ಸವೆದಿತ್ತು, ಆದರೆ ಮುಂಗಾಲು ಮಡಿಸಿ ಎದ್ದೇಳಲು ತಯಾರಾದ ಹೋರಿಯ ಹಾಗೆ ತಲೆ ತಗ್ಗಿಸಿ ನಿಂತಿತ್ತು. ಚೈನಿಗೆ ಎಣ್ಣೆ ಬಿಟ್ಟಿದ್ದರು. ಗಾಲಿಗೆ ಗಾಳಿಯನ್ನೂ ಹೊಡೆಸಿದ್ದರು.

“ಇದನ್ನ ಮುರದು ಒಲಿಗೆ ಹಾಕಬಹುದಿತ್ತಲ್ಲ?” ಎಂದೆ.

“ಶಿವಾ ಶಿವಾ! ಇಂಥಾ ಸೈಕಲ್ಲ ಮುರಿಯಾಕ ಯಾವನರ ಕೈ ಬರ್ತೈತೇನ್ರಿ?”

ಇಬ್ಬರೂ ಸೇರಿ ಅದನ್ನು ಬೋರಲು ಹಾಕಿದೆವು. ಸೀಟಿನ ಅಡಿಯ ಚರ್ಮದ ಮೇಲೆ ಹೆಬ್ಬೆರಳಗಲದ ಕೆಂಪು ಗುರುತು. ದೂರದಿಂದ ನೋಡಿದರೆ ಕೋಲು ಒತ್ತಿದ ಹಾಗೇ ಇತ್ತು. ಹತ್ತಿರ ಹೋದರೆ ಮಿಣಮಿಣ ಹೊಳೆಯುತ್ತಿತ್ತು. ಉಗುರಿನಿಂದ ಕೆರೆದೆ. ಡಬ್ಬಿಯ ಎಣ್ಣೆಬಣ್ಣ ಪುಡಿಯಾಗಿ ಉದುರಬೇಕು. ಇದು ಈರುಳ್ಳಿಯ ಒಳಸಿಪ್ಪೆಯಂತೆ ಒಂದು ಚೂರು ಎದ್ದು ಬಂತು. ಮೂಗಿನ ಹತ್ತಿರ ಹಿಡಿದೆ. ಘಾಟು ವಾಸನೆ ಇನ್ನೂ ಸಣ್ಣಗೆ ಉಳಿದಿತ್ತು.

ಗಂಡಸರಿಗೆ ಇದು ತಿಳಿಯುವುದಿಲ್ಲ. ಜಾತ್ರೆಯ ಬಳೆ ಅಂಗಡಿಯ ಮುಂದೆ ನಿಂತ ಯಾವ ಹೆಂಗಸಿಗಾದರೂ ತಿಳಿಯುತ್ತದೆ. ಅದು ಉಗುರುಬಣ್ಣ.

ಆ ಚೂರನ್ನು ಅಂಗೈಯಲ್ಲಿ ಮುಚ್ಚಿಕೊಂಡೆ.

“ಸಾವ್ಕಾರ್ರ, ಸೋಮವಾರ ಬಂದು ಇದೆಲ್ಲಾ ಹೇಳ್ತೀರೇನು?”

ಅವರು ಬಗ್ಗಿ ಗಿಡ್ಡಗಾಲಿಯನ್ನು ನೆಟ್ಟಗೆ ನಿಲ್ಲಿಸಿದರು. “ಹೇಳ್ತೀನಿ. ಯಂಕೇಶ ನನ್ನ ಮಾರಿ ನೋಡೂದಿಲ್ಲ, ಅಕ್ಕ ಮಾತು ಬಿಡ್ತಾಳ. ಆದ್ರೂ ಹೇಳ್ತೀನಿ. ಹುಲಿಗಿಗೆ ಹೋಗೂ ಹಾದಿ ಬ್ಯಾರೆ ಇಲ್ಲ ನನಗ. ಆದ್ರ ಒಂದು ಷರತ್ತು.”

“ಏನದು?”

“ಈ ಖೋಟಾ ಗುರುತು ಹಚ್ಚಿದವರೂ ಅಲ್ಲಿ ಎದ್ದು ನಿಂದರಬೇಕು. ನಾ ಒಬ್ಬನ ಯಾಕ ಕಳ್ಳ ಆಗ್ಲಿ? ಅಮರಪ್ಪನ ಹಚ್ಚಿದ್ರ ಅಂವನ ಹೇಳ್ಲಿ. ಇಲ್ಲಂದ್ರ ನಾ ಬಾಯಿ ತೆರಿಯಂಗಿಲ್ಲ.”

ಅನ್ಯಾಯದ ಮಾತು ಅಂತ ಅನ್ನಲಾಗಲಿಲ್ಲ. ಖೋಟಾ ಗುರುತು ಹಚ್ಚಿದ್ದು ಗೊತ್ತಾದರೆ ಸಂಘದವರು ಅಂಥವರನ್ನು ಮತ್ತೆಂದೂ ರೇಸಿನ ಗೆರೆಯ ಮೇಲೆ ನಿಲ್ಲಗೊಡುವುದಿಲ್ಲ. ಅದು ಅವರ ಕಟ್ಟುನಿಟ್ಟು.

ಸೈಕಲ್ಲನ್ನು ದೊಡ್ಡಬಸಪ್ಪನವರೇ ಹಿಡಿದು ನಡೆಸಿಕೊಂಡು ಬಂದರು. ಅಂಗಳ ದಾಟುವಾಗ ಹಿಂದಿನ ಗಾಲಿ ಟಿಕಿಟಿಕಿ ಎನ್ನುತ್ತಿತ್ತು. ಆ ಸಪ್ಪಳಕ್ಕೇ ಜೀಪಿನ ಬಾಗಿಲು ತೆರೆಯಿತು.

ಅಮರಪ್ಪ ಓಡಿ ಬಂದು ಗೇಟಿನಾಚೆಯೇ ನಿಂತ. ಇವರು ಈಚೆ. ನಡುವೆ ಗೇಟಿನ ಗೆರೆ. ಹನ್ನೊಂದು ವರ್ಷದ ಮೇಲೆ ಇಬ್ಬರೂ ಮುಖಾಮುಖಿ ಆಗಿದ್ದರು. ದೊಡ್ಡಬಸಪ್ಪ ಸೈಕಲ್ಲನ್ನು ಗೆರೆಯಾಚೆ ದೂಡಿದರು. ಅಮರಪ್ಪ ಅದರ ಕೋಡು ಹಿಡಿದು, ಹಣೆ ಊರಿ, ಮಕ್ಕಳ ಹಾಗೆ ಅತ್ತ.

“ನೀ ಬಂದಿದ್ದಿ ಅಮರಪ್ಪ,” ಎಂದರು ದೊಡ್ಡಬಸಪ್ಪ. “ನಾನ ಹಚ್ಚಿದ್ದೆ.”

ಅಮರಪ್ಪ ತಲೆ ಎತ್ತಿದ. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಅವನು ಮಗಳ ಕಡೆ ತಿರುಗಿ ಕೂಗಿದ, “ಕೇಳಿದ್ಯಾ ಅನು? ನಿಮ್ಮಪ್ಪ ಸುಳ್ಳು ಹೇಳಿರಲಿಲ್ಲವಾ! ಕೇಳಿದ್ಯಾ?”

ಅನುಷಾ ಜೀಪಿನಿಂದ ಇಳಿದು ಬಂದಳು. ಹಬ್ಬದ ಹೊಸ ಲಂಗ, ಜಡೆಗೆ ಹೂವು. ಕಣ್ಣು ತುಂಬಿತ್ತು, ಮುಖ ಬೆಳಗಿತ್ತು. ಎರಡು ತಿಂಗಳಲ್ಲಿ ಆ ಹುಡುಗಿ ಹೀಗೆ ನಕ್ಕದ್ದು ನಾನು ನೋಡಿರಲಿಲ್ಲ. ಗಿಡ್ಡಗಾಲಿಯ ಸೀಟನ್ನು ಒಮ್ಮೆ ಸವರಿದಳು. ಆಮೇಲೆ ನನ್ನ ಕಡೆ ಬಂದು ಕಾಲು ಮುಟ್ಟಿದಳು.

“ಅಜ್ಜಿ, ಬೆಳಿಗ್ಗಿಂದ ನಿಮಗ ಬನ್ನಿ ಕೊಟ್ಟೇ ಇಲ್ಲ. ಕೈ ಚಾಚ್ರಿ.”

“ಅಜ್ಜಿ ಅನ್ನಬ್ಯಾಡ ಅಂತ ಎಷ್ಟು ಸಲ ಹೇಳ್ಬೇಕ ಖೋಡಿ,” ಎಂದು ಬೈಯುತ್ತಲೇ ಕೈ ಚಾಚಿದೆ. ಚಾಚಿದ ಮೇಲೆ ನೆನಪಾಯಿತು.

ತೆರೆದ ಅಂಗೈಯಲ್ಲಿ ಆ ಕೆಂಪು ಚೂರು ಹಾಗೇ ಇತ್ತು.

ಅನುಷಾಳ ಕೈ ನನ್ನ ಅಂಗೈಯ ಮೇಲೆ ಬಂದು ನಿಂತಿತು. ಬನ್ನಿ ಎಲೆ ಹಿಡಿದ ಐದು ಬೆರಳು. ಬೆಳಿಗ್ಗೆ ಜೀಪು ಹತ್ತುವಾಗ ನಾನೇ ಚೇಷ್ಟೆ ಮಾಡಿದ್ದೆ: ಉಗುರಿಗೆ ಇಷ್ಟು ಕೆಂಪು ಬಳಕೊಂಡು ಹ್ಯಾಂಡಲ್ ಹ್ಯಾಂಗ ಹಿಡೀತಿ ಅಂತ. ಅವಳು ಕೈಯನ್ನು ದಾವಣಿಯ ಸೆರಗಿನಲ್ಲಿ ಮುಚ್ಚಿಕೊಂಡಿದ್ದಳು. ನಾಚಿಕೆ ಅಂದುಕೊಂಡಿದ್ದೆ.

ಚೂರಿನ ಕೆಂಪೂ ಉಗುರಿನ ಕೆಂಪೂ ಒಂದೇ ಆಗಿತ್ತು.

ಹುಡುಗಿ ಅದನ್ನು ನೋಡಿದಳು. ಮುಖದ ನಗು ಆರಿಹೋಯಿತು. ಆದರೆ ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಬನ್ನಿ ಎಲೆಗಳನ್ನು ಮೆಲ್ಲಗೆ ಆ ಚೂರಿನ ಮೇಲೆ ಇಟ್ಟು, ನನ್ನ ಬೆರಳುಗಳನ್ನು ತಾನೇ ಮಡಿಸಿದಳು.

“ಅಪ್ಪಗ ಹೇಳಬ್ಯಾಡ್ರಿ,” ಎಂದಳು, ನನಗೊಬ್ಬಳಿಗೇ ಕೇಳುವಷ್ಟು ಸಣ್ಣಗೆ.

ಅಮರಪ್ಪ ಗಿಡ್ಡಗಾಲಿಯ ಮೇಲೆ ಕಾಲು ಹಾಕಿ, ಹುಡುಗನಂತೆ ಗಂಟಲು ಬಿಚ್ಚಿ ನಗುತ್ತಿದ್ದ. ಅವನ ಹಿಂದೆ, ಗೇಟಿನ ಗೆರೆ ದಾಟಿ ಒಂದು ಹೆಜ್ಜೆ ಹೊರಗೆ ಬಂದು, ದೊಡ್ಡಬಸಪ್ಪ ನನ್ನ ಮಡಿಸಿದ ಮುಷ್ಟಿಯನ್ನೇ ನೋಡುತ್ತಿದ್ದರು.

“ಅಕ್ಕಾರ,” ಎಂದರು, “ಹಚ್ಚಿದವರು ಯಾರಂತ ನಿಮಗ ಗೊತ್ತಾತು. ಹೌದಿಲ್ಲೋ?”